ರಷ್ಯನ್ನಿಗೂ ಒಂದು ಕಾಗುಣಿತ ಬೇಕು

ವೋಲ್ಗಾ ದಂಡೆಯ ತ್ವೇರ್ ಊರಿಗೆ ಡಾಕ್ಟರಿಕೆ ಓದಲು ಬರುವ ನಮ್ಮ ಕಡೆಯ ಮಕ್ಕಳ ನೋಟುಬುಕ್ಕು ತೆರೆದರೆ ಪುಟಪುಟದಲ್ಲೂ ಒಂದೇ ಏರ್ಪಾಡು. ಮೇಲೆ ರಷ್ಯನ್ ಪದ, ಅದರಡಿ ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರಣೆ, ಅದರಡಿ ಇಂಗ್ಲಿಷಿನಲ್ಲೇ ಅರ್ಥ. ಮೊನ್ನೆ ಅಂಥದೊಂದು ಪುಟವನ್ನು ನೋಡಿದ ವಯಸ್ಸಾದ ಟೀಚರೊಬ್ಬರು ಶಿವಮೊಗ್ಗ ಕಡೆಯ ಹುಡುಗಿಯನ್ನು ಕೇಳಿದರು: “ನಿಮ್ಮ ಭಾಷೆಗೆ ಸ್ವಂತ ಲಿಪಿ ಇಲ್ಲವೇನಮ್ಮ?” ಕೇಳಿದ್ದರಲ್ಲಿ ಕುಹಕವಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿತ್ತು. ಹತ್ತನೇ ತರಗತಿವರೆಗೆ ಕನ್ನಡವನ್ನು ಪ್ರಥಮ ಭಾಷೆಯಾಗಿ ಓದಿದ ಹುಡುಗಿ ಅದು. ಆ ಪ್ರಶ್ನೆ ಅಲ್ಲಿದ್ದ ಕನ್ನಡಿಗರಿಗೆಲ್ಲ ಮುಳ್ಳಿನ ಹಾಗೆ ನಾಟಿತು.

ಈ ತ್ವೇರ್ ಅಫನಾಸಿ ನಿಕಿತಿನ್‌ನ ಊರು. ಹದಿನೈದನೇ ಶತಮಾನದಲ್ಲಿ ಇಲ್ಲಿಂದ ಹೊರಟು ಬೀದರಿಗೆ ಬಂದು, ಬಹಮನಿ ಸುಲ್ತಾನರ ಪೇಟೆ, ಆನೆ, ಮೆರವಣಿಗೆಗಳನ್ನು ಕಂಡು ಬರೆದಿಟ್ಟ ವ್ಯಾಪಾರಿ. 1955ರಿಂದ ಹೊಳೆಯ ದಂಡೆಯಲ್ಲಿ ಅವನ ಪ್ರತಿಮೆ ನಿಂತಿದೆ. ಬೀದರ್, ದಾಭೋಳ ಮುಂತಾದ ಹೆಸರುಗಳನ್ನು ಅವನು ಕಿವಿಗೆ ಬಿದ್ದ ಹಾಗೆ ತನ್ನ ಅಕ್ಷರದಲ್ಲೇ ಬರೆದುಕೊಂಡ. ತುರ್ಕಿ, ಪಾರ್ಸಿ ಮಾತುಗಳನ್ನೂ ಅದೇ ಅಕ್ಷರಗಳಲ್ಲಿ ಹಿಡಿದಿಟ್ಟ. ಐನೂರು ವರ್ಷ ಕಳೆದು ಅವನ ಊರಿಗೆ ಬಂದಿರುವ ನಾವು ಅವನ ಭಾಷೆಯನ್ನು ಇಂಗ್ಲಿಷಿನ ಮೂಲಕ ಕೇಳಿಸಿಕೊಳ್ಳುತ್ತಿದ್ದೇವೆ. ನಾನು ಬರೀ ಅಭಿಮಾನಕ್ಕೆ ಈ ಮಾತು ಹೇಳುತ್ತಿಲ್ಲ. ಇದರಿಂದ ನಾಲಿಗೆ ಕೆಡುತ್ತದೆ, ಕೆಟ್ಟ ನಾಲಿಗೆಯನ್ನು ತಿದ್ದುವುದಕ್ಕೆ ವರ್ಷ ಹಿಡಿಯುತ್ತದೆ.

ಇಂಗ್ಲಿಷಿನ ‘ಟಿ’ ಅಕ್ಷರ ಬರೆದುಕೊಂಡ ಕನ್ನಡಿಗ ಓದುವಾಗ ‘ಟ’ ಅನ್ನುತ್ತಾನೆ, ‘ಡಿ’ ಬರೆದುಕೊಂಡರೆ ‘ಡ’. ನಾಲಿಗೆ ಮಡಚಿ ಮೇಲಕ್ಕೆ ಹೋಗುತ್ತದೆ. ಆದರೆ ರಷ್ಯನ್ನಿನಲ್ಲಿರುವುದು ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವ ‘ತ’ ಮತ್ತು ‘ದ’, ಹೆಚ್ಚುಕಡಿಮೆ ನಮ್ಮವೇ. ಮನೆ ಅನ್ನುವ ಪದ ‘ದೋಮ್’, ಅಲ್ಲಿ ಅನ್ನುವುದು ‘ತಾಮ್’. ಇಂಗ್ಲಿಷರು ಕ, ತ, ಪಗಳ ಜೊತೆ ಸಣ್ಣ ಉಸಿರು ಬಿಡುತ್ತಾರೆ. ಅದನ್ನು ಬಿಡಿಸಲು ಇಲ್ಲಿನ ಟೀಚರುಗಳು ಅವರ ಬಾಯಿಯ ಮುಂದೆ ಕಾಗದದ ಚೂರು ಹಿಡಿಯಬೇಕಾಗುತ್ತದೆ. ಅಲ್ಪಪ್ರಾಣ, ಮಹಾಪ್ರಾಣ ಬೇರೆ ಮಾಡಿ ಕಲಿತ ನಮಗೆ ಆ ಕಷ್ಟವೇ ಇಲ್ಲ. ಹುಟ್ಟಿನಿಂದ ಬಂದ ಈ ಅನುಕೂಲವನ್ನು ಕೈಯಾರೆ ಬಿಸಾಕಿ, ಇಂಗ್ಲಿಷರ ತಪ್ಪನ್ನು ತಂದು ತಲೆ ಮೇಲೆ ಹೊತ್ತುಕೊಳ್ಳುತ್ತೇವೆ.

ಇದಕ್ಕಿಂತ ಹೊಟ್ಟೆ ಉರಿಸುವುದು ‘ಶ’ ಮತ್ತು ‘ಷ’. ರಷ್ಯನ್ನಿನಲ್ಲಿ ಬಾಚಣಿಗೆಯ ಹಾಗೆ ಮೂರು ಕಡ್ಡಿ ಮೇಲಕ್ಕೆ ನಿಂತ ಅಕ್ಷರ ಒಂದಿದೆ, ಅದರ ಬಲತುದಿಗೆ ಸಣ್ಣ ಬಾಲ ಹಚ್ಚಿದರೆ ಇನ್ನೊಂದು ಅಕ್ಷರ. ಇಂಗ್ಲಿಷಿನಲ್ಲಿ ಇವಕ್ಕೆ ‘ಎಸ್ ಎಚ್’ ಮತ್ತು ‘ಎಸ್ ಎಚ್ ಸಿ ಎಚ್’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ, ಅದನ್ನು ಓದಿದವರು ‘ಶ್ಚ್’ ಅನ್ನುತ್ತಾರೆ. ನಿಜವಾಗಿ ಮೊದಲನೆಯದು ನಾಲಿಗೆ ತುದಿ ಮೇಲೆತ್ತಿ ಹೇಳುವ ‘ಷ’, ಬಾಲವಿರುವುದು ನಾಲಿಗೆಯ ನಡುಭಾಗವನ್ನು ಅಂಗಳಕ್ಕೆ ಒತ್ತಿ ಎಳೆದು ಹೇಳುವ ‘ಶ್ಶ’. ಟೋಪಿ ‘ಷಾಪ್ಕ’, ಎಲೆಕೋಸಿನ ಸಾರು ‘ಶ್ಶಿ’. ನಮ್ಮ ಹಳೆಯ ಮೇಷ್ಟ್ರುಗಳು ‘ಕಾಶಿ’, ‘ಭಾಷೆ’ ಎಂದು ಬಿಡಿಸಿ ಹೇಳಿಸಿ, ತಪ್ಪಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದುದು ಇದನ್ನೇ. ಆ ಮಾತು ಕೇಳಿದವರು ಐದು ನಿಮಿಷದಲ್ಲಿ ಎರಡನ್ನೂ ಬೇರೆ ಮಾಡುತ್ತಾರೆ. ಇನ್ನು ಆರು ಕಾಲಿನ ಜೀರುಂಡೆಯಂತೆ ಕಾಣುವ ಅಕ್ಷರ: ‘ಷ್’ ಎಂದು ಎಳೆಯುತ್ತಾ ಇರಿ, ನಾಲಿಗೆ ಅಲುಗಿಸದೆ ಗಂಟಲನ್ನು ಮಾತ್ರ ನಡುಗಿಸಿ. ಬರುವ ದನಿಯೇ ಅದು. ‘ಜ’ ಎಂದರೆ ತಪ್ಪಾಯಿತು, ಯಾಕೆಂದರೆ ‘ಜ’ ಹೇಳುವಾಗ ನಾಲಿಗೆ ಒಂದು ಕ್ಷಣ ಗಾಳಿಯನ್ನು ಪೂರ್ತಿ ತಡೆಯುತ್ತದೆ.

ಒಟ್ಟು ಅಕ್ಷರ 33. ಹತ್ತು ಸ್ವರ, ಇಪ್ಪತ್ತೊಂದು ವ್ಯಂಜನ, ಸ್ವಂತ ದನಿಯಿಲ್ಲದ ಎರಡು ಗುರುತು. 1918ರ ಸುಧಾರಣೆಯಲ್ಲಿ ಕೆಲವು ಹಳೆಯ ಅಕ್ಷರ ಬಿದ್ದುಹೋಗಿ ಹೊರೆ ಕಡಿಮೆಯಾಗಿದೆ. ದಿನಕ್ಕೆ ಏಳರಂತೆ ಕಲಿತರೆ ಐದು ದಿನದ ಕೆಲಸ. ಇಂಗ್ಲಿಷಿನ ಹಾಗೇ ಕಂಡು ಹಾಗೇ ದನಿಗೊಡುವ ಎ, ಕೆ, ಎಂ, ಓ, ಟಿ ಆಕಾರಗಳನ್ನು ಮೊದಲ ದಿನ ಮುಗಿಸಬಹುದು (ಟಿ ಆಕಾರಕ್ಕೆ ‘ತ’ ಎಂದೇ ಹೇಳಿ). ಎರಡನೇ ದಿನ ಪೂರ್ತಿ ಮೋಸದ ಅಕ್ಷರಗಳಿಗೆ ಮೀಸಲಿಡಬೇಕು. ‘ಬಿ’ ಆಕಾರ ಇಲ್ಲಿ ವ, ‘ಎಚ್’ ಆಕಾರ ನ, ‘ಪಿ’ ಆಕಾರ ರ, ‘ಸಿ’ ಆಕಾರ ಸ, ‘ವೈ’ ಆಕಾರ ಉ. ‘ಎಕ್ಸ್’ ಆಕಾರದ್ದು ‘ಹ’ ಮತ್ತು ‘ಖ’ ನಡುವಿನ ದನಿ: ‘ಕ್’ ಹೇಳುವ ಜಾಗದಲ್ಲಿ ನಾಲಿಗೆಯನ್ನು ಪೂರ್ತಿ ಮುಚ್ಚದೆ ಸಣ್ಣ ಸಂದು ಬಿಟ್ಟು ಗಾಳಿ ಉಜ್ಜಬೇಕು. ಹೊಸಬರು ಹೋಟೆಲಿನ ಬೋರ್ಡು ನೋಡಿ ‘ಪೆಕ್ಟೋಪಾ’ ಎಂದು ಓದುತ್ತಾರೆ, ಅಲ್ಲಿರುವುದು ‘ರಿಸ್ತರಾನ್’. ಉಳಿದವು ಎಲ್ಲೂ ನೋಡದ ಆಕಾರಗಳಾದ್ದರಿಂದ ಗೊಂದಲವೂ ಕಡಿಮೆ. 3ರಂತೆ ಕಾಣುವುದು ಜ಼, 4ರಂತೆ ಕಾಣುವುದು ಚ. ಔಷಧಿ ಅಂಗಡಿ, ಬ್ಯಾಂಕು, ಬಾಗಿಲ ಬೋರ್ಡು ಓದುತ್ತಾ ನಡೆದರೆ ಒಂದು ವಾರದಲ್ಲಿ ಕಣ್ಣು ಪಳಗುತ್ತದೆ.

ಕೈಬರಹದ್ದು ಬೇರೆ ಕಥೆ. ಅಚ್ಚಿನ ‘ತ’ ಕೈಬರಹದಲ್ಲಿ ಇಂಗ್ಲಿಷಿನ ಸಣ್ಣ ‘ಎಂ’ ಆಗುತ್ತದೆ, ‘ದ’ ಸಣ್ಣ ‘ಜಿ’ ಆಗುತ್ತದೆ, ‘ಇ’ ಸಣ್ಣ ‘ಯು’, ‘ಪ’ ಸಣ್ಣ ‘ಎನ್’. ಇ, ಷ, ಲ, ಮ ಒಟ್ಟಿಗೆ ಬಂದರೆ ಸಾಲಿನುದ್ದಕ್ಕೂ ಬರೀ ಅಲೆ. ಅದಕ್ಕೇ ಅನೇಕರು ‘ತ’ದ ಮೇಲೊಂದು, ‘ಷ’ದ ಕೆಳಗೊಂದು ಗೆರೆ ಎಳೆಯುತ್ತಾರೆ. ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕಾದವರು ಇದನ್ನು ಮುಂದೂಡಬಾರದು. ಇಲ್ಲಿನ ಮಕ್ಕಳು ಒಂದನೇ ತರಗತಿಯಿಂದಲೇ ಓರೆಗೆರೆ ಹಾಕಿದ ಕಾಪಿ ಪುಸ್ತಕದಲ್ಲಿ ಕೂಡಿಸಿ ಬರೆಯುತ್ತಾರೆ, ನಾವೂ ಅದನ್ನೇ ತಂದು ದಿನಕ್ಕೊಂದು ಪುಟ ತಿದ್ದಬೇಕು.

ಇಷ್ಟಾದ ಮೇಲೆ ನಿಜವಾದ ಕಷ್ಟ ಶುರುವಾಗುತ್ತದೆ, ಅದು ಒತ್ತು. ನಮ್ಮ ಒತ್ತಕ್ಷರದ ಒತ್ತಲ್ಲ; ಪದದಲ್ಲಿ ಒಂದು ಸ್ವರದ ಮೇಲೆ ಬೀಳುವ ಬಲ. ಎಲ್ಲಿ ಬೀಳುತ್ತದೆ ಎನ್ನುವುದಕ್ಕೆ ಹೊಸಬರು ನೆಚ್ಚಿಕೊಳ್ಳುವಂಥ ನಿಯಮವಿಲ್ಲ. ಕಲಿಯುವವರ ಪುಸ್ತಕದಲ್ಲಿ ಅದರ ಮೇಲೆ ಗೀಟು ಹಾಕಿರುತ್ತಾರೆ, ಪತ್ರಿಕೆಯಲ್ಲಾಗಲಿ ಬೋರ್ಡಿನಲ್ಲಾಗಲಿ ಹಾಕುವುದಿಲ್ಲ. ಒತ್ತು ಇಲ್ಲದ ‘ಒ’ ಕರಗಿ ‘ಅ’ ಆಗುತ್ತದೆ, ಒತ್ತಿಲ್ಲದ ‘ಯೆ’ ‘ಇ’ ಕಡೆಗೆ ಜಾರುತ್ತದೆ. ಹಾಲು ಅನ್ನುವ ಪದದಲ್ಲಿ ಮೂರು ‘ಒ’ ಬರೆದಿರುತ್ತಾರೆ, ಹೇಳುವುದು ‘ಮಲಕೋ’. ಚೆನ್ನಾಗಿದೆ ಅನ್ನುವುದಕ್ಕೂ ಮೂರು ‘ಒ’, ಹೇಳುವುದು ‘ಹರಷೋ’.

ಇಲ್ಲಿ ನಮ್ಮ ಲಿಪಿ ಮಾಡುವ ಉಪಕಾರವನ್ನು ಇಂಗ್ಲಿಷ್ ಮಾಡಲಾರದು. ರಷ್ಯನ್ನಿನಲ್ಲಿ ಒತ್ತು ಬಿದ್ದ ಸ್ವರ ಉದ್ದವಾಗುತ್ತದೆ, ಉಳಿದವು ಕುಗ್ಗುತ್ತವೆ. ನಮ್ಮ ಕಿವಿಗೆ ಅದು ದೀರ್ಘ ಮತ್ತು ಹ್ರಸ್ವವಾಗಿಯೇ ಕೇಳುತ್ತದೆ. ಹಾಗಾಗಿ ಒಂದು ಪದಕ್ಕೆ ಒಂದೇ ದೀರ್ಘ ಎಂದು ಕಟ್ಟುಮಾಡಿಕೊಂಡು ಕನ್ನಡದಲ್ಲಿ ಬರೆದುಕೊಂಡರೆ ಒತ್ತು ತಾನಾಗಿ ದಾಖಲಾಗುತ್ತದೆ. ‘ಮೂಕ’ ಎಂದರೆ ಯಾತನೆ, ‘ಮುಕಾ’ ಎಂದರೆ ಹಿಟ್ಟು. ‘ಜ಼ಾಮಕ್’ ಕೋಟೆಯಂಥ ಅರಮನೆ, ‘ಜ಼ಮೋಕ್’ ಬೀಗ. ‘ಪಿಸಾತ್’ ಎಂದರೆ ಬರೆಯುವುದು, ‘ಪೀಸತ್’ ಎಂದರೆ ಮೂತ್ರ ಮಾಡುವುದು. ರೋಗಿಯ ಮುಂದೆ ನಿಲ್ಲುವವರು ಇವೆರಡನ್ನೂ ಮೊದಲ ವಾರವೇ ಬಾಯಿಪಾಠ ಮಾಡಿಕೊಳ್ಳಲಿ. ಇಂಗ್ಲಿಷ್ ಅಕ್ಷರದಲ್ಲಿ ಈ ಜೋಡಿಗಳೆಲ್ಲ ಒಂದೇ ಥರ ಕಾಣುತ್ತವೆ.

‘ಯೆ’ ಮೂಲದ ಇನ್ನೊಂದು ಅಕ್ಷರವಿದೆ, ‘ಯೊ’, ತಲೆ ಮೇಲೆ ಎರಡು ಚುಕ್ಕಿ. 1783ರಲ್ಲಿ ರಷ್ಯನ್ ಭಾಷೆಯ ಅಕಾಡೆಮಿಯ ಸಭೆಯಲ್ಲಿ ಇದನ್ನು ಸೂಚಿಸಿದವರು ಅದರ ಮುಖ್ಯಸ್ಥೆ ಯೆಕತೆರೀನ ದಾಷ್ಕವ. ಒತ್ತು ಇದರ ಮೇಲೆಯೇ ಬೀಳುತ್ತದೆ. ಆದರೆ ಅಚ್ಚಿನಲ್ಲಿ ಚುಕ್ಕಿಗಳನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ, ನೋಡಲು ‘ಯೆ’ ಆಗುತ್ತದೆ. ಹಾಗೆ ಬಿಟ್ಟ ಚುಕ್ಕಿಯಿಂದಲೇ ‘ಗರ್ಬಚೋಫ್’ ಎನ್ನಬೇಕಾದ ಹೆಸರು ನಮ್ಮ ಪತ್ರಿಕೆಗಳಲ್ಲಿ ಗೋರ್ಬಚೆವ್ ಆಗಿ ಉಳಿಯಿತು. ಬೆಂಗಳೂರಿನ ತಾತಗುಣಿಯಲ್ಲಿ ಬಾಳಿದ ಚಿತ್ರಕಾರರನ್ನು ಊರಿನಲ್ಲಿ ಇಂದಿಗೂ ‘ರೋರಿಚ್’ ಎಂದೇ ಬರೆಯುವುದನ್ನು ಕಾಣುತ್ತೇವೆ, ರಷ್ಯನ್ನಿನಲ್ಲಿ ಅದು ‘ರೇರಿಖ್’. ಕನ್ನಡಕ್ಕೆ ಸಲೀಸಾಗಿ ಒಗ್ಗುವ ದನಿಗಳನ್ನು ಲಂಡನ್ನಿನ ದಾರಿಯಲ್ಲಿ ತರಿಸಿಕೊಂಡಿದ್ದರ ಫಲ ಇದು.

ರಷ್ಯನ್ನಿನ ಬಹುಪಾಲು ವ್ಯಂಜನಗಳಿಗೆ ಗಟ್ಟಿ, ಮೆದು ಎಂದು ಎರಡು ರೂಪ; ನಾಲಿಗೆಯ ನಡುಭಾಗವನ್ನು ‘ಇ’ ಹೇಳುವಾಗಿನಂತೆ ಮೇಲೆತ್ತಿ ಹೇಳುವುದು ಮೆದು. ಈ ಮೆದು ವ್ಯಂಜನಗಳಿಗೆ ಕಾಗುಣಿತವೇ ಮದ್ದು. ಹತ್ತು ಸ್ವರಗಳು ಐದು ಜೋಡಿ: ಅ–ಯ, ಒ–ಯೊ, ಉ–ಯು, ಎ–ಯೆ, ಮತ್ತು ನಮ್ಮಲ್ಲಿಲ್ಲದ ಒಂದು ಸ್ವರ–ಇ. ಜೋಡಿಯ ಮೊದಲನೆಯದು ಬಂದರೆ ಹಿಂದಿನ ವ್ಯಂಜನ ಗಟ್ಟಿ, ಎರಡನೆಯದು ಬಂದರೆ ಮೆದು. ಒಂದೊಂದು ವ್ಯಂಜನಕ್ಕೂ ಹತ್ತು ಮನೆ ಬರೆದು ಬಳ್ಳಿ ಒಪ್ಪಿಸಿದ ಹಾಗೆ ಗಟ್ಟಿಯಾಗಿ ಹೇಳಿಕೊಂಡರೆ ಎರಡು ವಾರದಲ್ಲಿ ಬಾಯಿ ತಿರುಗುತ್ತದೆ. ಸ್ವರವೇ ಇಲ್ಲದ ಕಡೆ ಮೆದು ಮಾಡುವುದಕ್ಕೆ ಒಂದು ಗುರುತು ಇದೆ. ‘ಬ್ರಾತ್’ ಎಂದರೆ ಅಣ್ಣ ಅಥವಾ ತಮ್ಮ. ಕೊನೆಗೆ ಮೆದು ಗುರುತು ಹಾಕಿದರೆ ‘ತೆಗೆದುಕೊಳ್ಳುವುದು’ ಎಂದಾಗುತ್ತದೆ. ಅದನ್ನು ಹೇಳಬೇಕಾದರೆ ‘ತಿ’ ಎನ್ನಲು ಹೊರಟು, ಇಕಾರ ಹೊರಗೆ ಬೀಳುವ ಮೊದಲೇ ದನಿ ನಿಲ್ಲಿಸಿ. ಆ ನಮ್ಮಲ್ಲಿಲ್ಲದ ಸ್ವರಕ್ಕೆ ‘ಊ’ ಎಂದು ಎಳೆಯುತ್ತಾ ನಾಲಿಗೆಯನ್ನು ಹಾಗೇ ಬಿಟ್ಟು ತುಟಿಯನ್ನು ಮಾತ್ರ ನಗುವಾಗಿನಂತೆ ಅಗಲಿಸಬೇಕು. ದಕ್ಷಿಣ ಕನ್ನಡದವರು ತುಳುವಿನ ‘ನೀರ್’, ‘ಕಣ್ಣ್’ ಪದಗಳ ಕೊನೆಯ ದನಿಯನ್ನು ನೆನೆದರೆ ಸಾಕು, ಬಹಳ ಹತ್ತಿರ ಬರುತ್ತಾರೆ. ಕೊಡಗಿನವರಿಗೂ ಇದು ಸುಲಭ. ಇದು ತಪ್ಪಿ ‘ಇ’ ಆದರೆ ‘ಇರುವುದು’ ಎನ್ನುವ ಕ್ರಿಯಾಪದ ‘ಹೊಡೆಯುವುದು’ ಆಗಿಬಿಡುತ್ತದೆ.

ನಮ್ಮ ನಾಲಿಗೆಯೂ ಅಡ್ಡ ಬರುತ್ತದೆ, ಒಪ್ಪಲೇಬೇಕು. ಬಸ್ಸನ್ನು ಬಸ್ಸು, ಕಾರನ್ನು ಕಾರು ಮಾಡಿಕೊಂಡವರು ನಾವು. ಆ ಉಕಾರವನ್ನು ರಷ್ಯನ್ನಿಗೂ ಅಂಟಿಸಿ ‘ಬ್ರಾತು’ ಅಂದರೆ ಇಲ್ಲಿನವರಿಗೆ ಅದು ‘ತಮ್ಮನಿಗೆ’ ಎಂದು ಕೇಳುತ್ತದೆ, ಚತುರ್ಥಿ ವಿಭಕ್ತಿ. ಪದದ ಮೊದಲಿನ ‘ಎ’ಯನ್ನು ನಾವು ಅರಿವಿಲ್ಲದೆ ‘ಯೆ’ ಅನ್ನುತ್ತೇವೆ, ‘ಎಲ್ಲಿ’ ಬಾಯಲ್ಲಿ ‘ಯೆಲ್ಲಿ’ ಆಗುವ ಹಾಗೆ. ‘ಇದು’ ಎನ್ನುವ ‘ಎತ’ ಪದವನ್ನು ‘ಯೆತ’ ಮಾಡಿದ ತಕ್ಷಣ ಹೊರಗಿನವರೆಂದು ತಿಳಿದುಬಿಡುತ್ತದೆ. ನುಡಿದಂತೆ ಬರೆಯುತ್ತೇವೆ ಎನ್ನುವ ನಮ್ಮ ಹೆಮ್ಮೆಯೇ ಮುಂದೆ ತೊಡಕಾಗುತ್ತದೆ. ಬರೆದದ್ದನ್ನೆಲ್ಲ ಪೂರ್ತಿ ಉಚ್ಚರಿಸುವ ಚಾಳಿ ಬಿಡದಿದ್ದರೆ ‘ಬ್ರೆಡ್ಡು’ ಕೇಳಿದರೂ ಅಂಗಡಿಯಾಕೆಗೆ ತಿಳಿಯುವುದಿಲ್ಲ. ಬರೆಯುವುದು ‘ಹ್ಲೆಬ್’, ಹೇಳುವುದು ‘ಹ್ಲೇಪ್’. ಕೊನೆಯಲ್ಲಿ ಬಂದ ಬ, ದ, ಗ ಯಾವಾಗಲೂ ಪ, ತ, ಕ ಆಗುತ್ತವೆ. ರೈಲ್ವೆ ಸ್ಟೇಷನ್ನಿನ ಬೋರ್ಡಿನಲ್ಲಿ ‘ಕ’ ಇರುತ್ತದೆ, ಮುಂದಿನ ‘ಜ಼’ ಅದನ್ನು ಎಳೆದುಕೊಂಡು ‘ವಗ್ಜ಼ಾಲ್’ ಆಗುತ್ತದೆ. ‘ಇವತ್ತು’ ಎನ್ನುವ ಪದದಲ್ಲಿ ‘ಗ’ ಬರೆದು ‘ವ’ ಹೇಳುತ್ತಾರೆ: ‘ಸಿವೋದ್ನ್ಯ’.

ಇನ್ನೂ ಒಂದು ಕೊರತೆ. ‘ಸೇಮ್ಯ’ ಎಂದರೆ ಬೀಜ, ‘ಸಿಮ್ಯಾ’ ಎಂದರೆ ಕುಟುಂಬ. ಮೊದಲನೆಯದರಲ್ಲಿ ಇರುವುದು ಮೆದುವಾದ ಒಂದೇ ಒಂದು ‘ಮ’. ಎರಡನೆಯದರಲ್ಲಿ ಮೆದು ‘ಮ’ ಮುಗಿದು ‘ಯಾ’ ಬೇರೆಯಾಗಿ ಬರುತ್ತದೆ. ನಮ್ಮ ಯಕಾರದ ಒತ್ತು ಇವೆರಡನ್ನೂ ಒಂದೇ ಮಾಡುತ್ತದೆ, ಮೇಲಾಗಿ ‘ಅನ್ಯ’ವನ್ನು ‘ಅನ್ನ್ಯ’ ಎನ್ನುವ ರೂಢಿಯಿಂದ ನಾವು ‘ಮ’ವನ್ನು ಇಮ್ಮಡಿಸುತ್ತೇವೆ. ಹೀಗಾಗಿ ಕನ್ನಡದ ಟಿಪ್ಪಣಿಯೂ ಮೂರು ವಾರಕ್ಕಿಂತ ಹೆಚ್ಚು ಇರಬಾರದು. ಆಮೇಲೆ ರಷ್ಯನ್ ಅಕ್ಷರ, ಮೇಲೊಂದು ಒತ್ತಿನ ಗೀಟು, ಅಷ್ಟೇ. ಹಾಗೆಯೇ ಹೊರನಾಡಿನಲ್ಲಿ ಹುಟ್ಟಿ ಅ ಆ ಇ ಈ ತಿದ್ದದ ನಮ್ಮ ಮಕ್ಕಳಿಗೆ ಇಂಗ್ಲಿಷ್ ಅಕ್ಷರ ಬಿಟ್ಟು ಬೇರೆ ಆಸರೆ ಇಲ್ಲ, ಅವರನ್ನು ದೂರಿ ಫಲವಿಲ್ಲ.

ಆ ಶಿವಮೊಗ್ಗದ ಹುಡುಗಿಯ ನೋಟುಬುಕ್ಕಿನಲ್ಲಿ ಈಗ ಹತ್ತು ಮನೆಯ ಕಾಗುಣಿತ ಶುರುವಾಗಿದೆ. ‘ರ’ದ ಸಾಲಿನ ಪಕ್ಕದಲ್ಲಿ ಊರಿನ ಹೆಸರು ಬರೆದಿದ್ದಾಳೆ. ‘ತ್ವೇರ್’ ಕೊನೆಯ ರಕಾರ ಮೆದು: ‘ರಿ’ ಎನ್ನಲು ಹೊರಟು ನಾಲಿಗೆ ತುದಿ ಒಂದೇ ಸಲ ತಟ್ಟಿ ನಿಲ್ಲಬೇಕು. ನಮ್ಮವರು ಒಂದೋ ಗಟ್ಟಿ ‘ರ್’ ಹೇಳುತ್ತಾರೆ, ಇಲ್ಲ ‘ತ್ವೇರಿ’ ಅನ್ನುತ್ತಾರೆ. ನಿಕಿತಿನ್ ಬೀದರಿನ ಹೆಸರನ್ನು ಬರೆದದ್ದು ‘ಬೆದೆರ್’ ಎಂದು. ಅದರ ಕೊನೆಗೂ ತನ್ನ ಊರಿಗೆ ಹಾಕುವ ಮೆದು ಗುರುತನ್ನೇ ಹಾಕಿದ್ದ.