ಗಂಡು ಹೆಸರು ಮಾಡಿಕೊಳ್ಳುವ ವಿಧಾನ

ಪ್ಯಾರಿಸ್ಸಿನಲ್ಲಿ ಹೆಂಗಸು ಪ್ಯಾಂಟು ತೊಡಬೇಕಾದರೆ ಪೊಲೀಸರ ಪರವಾನಗಿ ಬೇಕಿತ್ತು. 1800ರ ನವೆಂಬರಿನ ಆದೇಶ ಅದು. ವೈದ್ಯರ ಸರ್ಟಿಫಿಕೇಟು, ಅದರ ಸಹಿ ಅಸಲಿ ಎಂಬ ದೃಢೀಕರಣ, ಮೇಲೊಂದು ಮೇಯರ್ ಅಥವಾ ಪೊಲೀಸ್ ಅಧಿಕಾರಿಯ ಪತ್ರ. ಲೇಖಕಿ ಗಂಡು ಹೆಸರಿಟ್ಟುಕೊಂಡು ಪುಸ್ತಕದ ಮುಖಪುಟದ ಮೇಲೆ ತಲೆಯಿಂದ ಕಾಲಿನವರೆಗೆ ಗಂಡಸಾಗಲು ಮಾತ್ರ ಒಂದು ಚೀಟಿಯೂ ಬೇಡ!

ಹೆಸರಿಗೆ ಬೇಕಾದ ಸಾಮಗ್ರಿಯೂ ಮನೆಯಲ್ಲೇ ಸಿಗುತ್ತಿತ್ತು. ಆಲಿಸ್ ದ್ಯುರಾಂ ನಾರ್ಮಂಡಿಯ ಗ್ರೆವಿಲ್ ಎಂಬ ಹಳ್ಳಿಯ ಹೆಸರು ಹಚ್ಚಿಕೊಂಡು ಆನ್ರಿ ಗ್ರೆವಿಲ್ ಆದರು. ಲಿಯೊದಿಲ್ ಬೆರಾ ತಮ್ಮ ಅವಳಿ ಗಂಡುಮಕ್ಕಳಾದ ಆಂದ್ರೆ, ಲಿಯೊ ಇಬ್ಬರನ್ನೂ ಸೇರಿಸಿ ಆಂದ್ರೆ ಲಿಯೊ ಆದರು; ಮಕ್ಕಳೇ ತಾಯಿಗೆ ನಾಮಕರಣ ಮಾಡಿದಂತಾಯಿತು. ಇನ್ನು ಓರೋರ್ ದ್ಯುಪ್ಯಾಂ. ಗಂಡನ ಮನೆಯ ದ್ಯುದವಾಂ ಎಂಬ ಹೆಸರನ್ನು ಪುಸ್ತಕದ ಮೇಲೆ ಅಚ್ಚು ಹಾಕಿಸುವುದಿಲ್ಲ ತಾನೆ ಎಂದು ಅತ್ತೆ ಮೊದಲೇ ವಿಚಾರಿಸಿಕೊಂಡಿದ್ದರು. ಸೊಸೆ ಮಾತು ಮೀರಲಿಲ್ಲ. 1831ರಲ್ಲಿ ಗೆಳೆಯ ಜ್ಯೂಲ್ ಸಾಂದೊ ಜತೆ ಬರೆದ ಕಾದಂಬರಿಗೆ ಅವನ ಹೆಸರಿನ ಅರ್ಧ ಕತ್ತರಿಸಿ ‘ಜೆ. ಸಾಂದ್’ ಎಂದು ಸಹಿ ಬಿತ್ತು. ಮರುವರ್ಷ ‘ಇಂಡಿಯಾನಾ’ ಒಬ್ಬರೇ ಬರೆದಾಗ ಇನಿಶಿಯಲ್ ಮಾತ್ರ ಬದಲಾಗಿ ‘ಜಿ. ಸಾಂದ್’. ಆ ‘ಜಿ’ ಬೆಳೆದು ಜಾರ್ಜ್ ಆಯಿತು. ಅತ್ತೆಯ ಮಾನವೂ ಉಳಿಯಿತು, ಕಾದಂಬರಿಯೂ ಖರ್ಚಾಯಿತು.

ಕೆಡುವುದು ಎಲ್ಲಿ? ಗುಟ್ಟು ನಿಲ್ಲುವುದಿಲ್ಲ. ಪತ್ರಿಕಾ ಧಾರಾವಾಹಿಗಳ ದಾನಿಯಲ್ ಲೆಸ್ಯುಯರ್ ಅಂದರೆ ಜಾನ್ ಲ್ವಾಜೊ ಎಂಬ ಮಹಿಳೆ ಎನ್ನುವುದು 1900ರಲ್ಲಿ ಲೀಜಿಯನ್ ಆಫ್ ಆನರ್ ಎಂಬ ಗೌರವ ಪದಕ ಕೊಟ್ಟ ಸರ್ಕಾರಕ್ಕೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿದ್ದ ಮೇಲೆ ಮೀಸೆ ಯಾತಕ್ಕೆ ಎಂದು ಕೇಳಬೇಡಿ. ಗೊತ್ತಿಲ್ಲದಂತೆ ಇರುವುದೇ ಮರ್ಯಾದೆ. ಈ ಮೀಸೆಗೆ ಭಾಷೆ, ಸಾಹಿತ್ಯದ ಹಿರಿಯ ಸಂಸ್ಥೆಯಾದ ಫ್ರೆಂಚ್ ಅಕಾಡೆಮಿಯ ಬಾಗಿಲೂ ತೆರೆಯಲಿಲ್ಲ. 1635ರಲ್ಲಿ ಹುಟ್ಟಿದ ಆ ನಲವತ್ತು ಕುರ್ಚಿಗಳ ಸಂಸ್ಥೆ ಒಬ್ಬ ಲೇಖಕಿಯನ್ನು ಆರಿಸಿದ್ದು 1980ರಲ್ಲಿ.

ಎರಡನೇ ತೊಡಕು ದುಡ್ಡಿನದು. ನೆಪೋಲಿಯನ್ನನ 1804ರ ಕಾನೂನು ಸಂಹಿತೆಯ ಪ್ರಕಾರ ಮದುವೆಯಾದ ಹೆಂಗಸು ಕರಾರು ಮಾಡಿಕೊಳ್ಳಲು ಗಂಡನ ಒಪ್ಪಿಗೆ ಬೇಕಿತ್ತು. ಮುಖಪುಟದ ಗಂಡಸಿಗೂ ಮನೆಯಲ್ಲೊಬ್ಬ ಗಂಡ!

ಈ ತಾಪತ್ರಯವೇ ಬೇಡವೆನ್ನುವವರಿಗೆ ಗಂಡನ ಹೆಸರನ್ನೇ ಹಾಕುವ ಮಾದರಿಯೂ ಇತ್ತು. 1900ರಲ್ಲಿ ಬಂದ ‘ಕ್ಲೋದಿನ್’ ಮಾಲೆಯ ಮೊದಲ ಕಾದಂಬರಿ ಬರೆದದ್ದು ಕೊಲೆತ್, ಸಹಿ ಪತಿ ವಿಲ್ಲಿಯದು. (ಅದೂ ಅವನ ನಿಜನಾಮವಲ್ಲ, ಅವನ ಹೆಸರಿನಲ್ಲಿ ಬರೆದುಕೊಡುವ ಗಂಡಸರೂ ಸಾಕಷ್ಟಿದ್ದರು.) ಪುಸ್ತಕ ಬಿಸಿಬಿಸಿಯಾಗಿ ಮಾರಾಟವಾಯಿತು, 1903ರ ಹೊತ್ತಿಗೆ ಮಾಲೆಯಲ್ಲಿ ನಾಲ್ಕಾದವು. ಹೆಂಡತಿ ತಾನು ದುಡಿದ ಹಣವನ್ನು ತಾನೇ ಖರ್ಚು ಮಾಡಬಹುದೆಂಬ ಕಾನೂನು 1907ರ ಜುಲೈ 13ರಂದು ಬಂತು. ಕೊಲೆತ್‌ರನ್ನು ಒಂದು ಮಾತೂ ಕೇಳದೆ ವಿಲ್ಲಿ ‘ಕ್ಲೋದಿನ್’ ಹಕ್ಕುಗಳನ್ನು ಮಾರಿದ್ದೂ ಅದೇ ವರ್ಷ.