ಮಗು ನೃತ್ಯ ನೋಡುವಾಗ ನಾವು ಸ್ವಲ್ಪ ಸುಮ್ಮನಿರೋಣ

ಮಗಳಿಗೆ ಆರು ವರ್ಷವಿದ್ದಾಗ ಮೊದಲ ಸಲ ಅವಳನ್ನು ಭರತನಾಟ್ಯ ನೋಡಲು ಕರೆದುಕೊಂಡು ಹೋಗಿದ್ದೆ. ಅವಳಿಗೆ ಒಂದೂ ತಪ್ಪಿಹೋಗಬಾರದು ಅಂತ ಪಕ್ಕದಲ್ಲಿ ಕೂತು ಪಿಸುಗುಟ್ಟುತ್ತಲೇ ಇದ್ದೆ. 'ನೋಡು, ಈಗ ಅವಳು ಯಶೋದೆ. ಈಗ ನೋಡು, ಅವಳೇ ಕೃಷ್ಣ.' ಸುಮಾರು ಹೊತ್ತಾದ ಮೇಲೆ ತಿರುಗಿದರೆ, ಮಗಳು ವೇದಿಕೆ ನೋಡುತ್ತಲೇ ಇರಲಿಲ್ಲ. ನನ್ನ ಮುಖ ನೋಡುತ್ತಿದ್ದಳು.

ಅದನ್ನು ನೆನೆದರೆ ಈಗಲೂ ಬೇಜಾರಾಗುತ್ತದೆ. ಅವಳ ಕಣ್ಣನ್ನು ನರ್ತಕಿಯಿಂದ ಕಿತ್ತುಕೊಂಡವಳು ನಾನೇ.

ಮಕ್ಕಳಿಗೆ ನೃತ್ಯ ಅರ್ಥವಾಗುವುದಿಲ್ಲ ಅಂತ ನಮಗೊಂದು ಭಯ. ಅದಕ್ಕೇ ವಿವರಿಸಲು ಹೊರಡುತ್ತೇವೆ. ಆದರೆ ಮಕ್ಕಳು ಮೊದಲು ನೋಡುವುದು ಮೈಯಿಂದ. ನರ್ತಕಿ ಕಾಲು ತಟ್ಟಿದರೆ ಅವರ ಕಾಲೂ ಅಲುಗುತ್ತದೆ. ಅದು ಚೇಷ್ಟೆಯಲ್ಲ, ಅದೇ ನೋಡುವಿಕೆ. ಹಾಗಾಗಿ ಹೇಳುವುದಿದ್ದರೆ ಮೊದಲೇ, ಮನೆಯಲ್ಲೇ, ಕೈಕಾಲು ಆಡಿಸುತ್ತಾ ಹೇಳಬೇಕು.

ಪತಾಕ ಹಸ್ತವನ್ನೇ ತೆಗೆದುಕೊಳ್ಳಿ. ಬೆರಳುಗಳನ್ನು ಜೋಡಿಸಿ ನೇರ ಚಾಚಿ, ಹೆಬ್ಬೆರಳನ್ನು ಮಡಚಿದರೆ ಆಯಿತು. 'ಅಭಿನಯ ದರ್ಪಣ' ಎಂಬ ನೃತ್ಯದ ಹಳೆಯ ಗ್ರಂಥ ಹೇಳುವ 28 ಒಂಟಿಕೈ ಮುದ್ರೆಗಳಲ್ಲಿ ಇದೇ ಮೊದಲನೆಯದು. ಇದೊಂದೇ ಕೈ ಮೋಡವಾಗುತ್ತದೆ, ಕಾಡಾಗುತ್ತದೆ, ನದಿ, ಗಾಳಿ, ಕುದುರೆ, ರಾತ್ರಿ ಎಲ್ಲವೂ ಆಗುತ್ತದೆ. 'ಬೇಡ' ಎನ್ನುವುದಕ್ಕೂ ಇದೇ ಕೈ. ಬದಲಾಗುವುದು ಕೈ ಚಲಿಸುವ ರೀತಿ, ಅದರ ಹಿಂದೆ ಹೋಗುವ ಕಣ್ಣು. ಮಗುವಿಗೆ ಹೇಳಿ: 'ಈ ಕೈಯಲ್ಲಿ ನದಿ ಮಾಡು. ಈಗ ಅದೇ ಕೈಯಲ್ಲಿ ಗಾಳಿ ಮಾಡು.' ಅದು ತನ್ನದೇ ನದಿ ಮಾಡುತ್ತದೆ. ತಪ್ಪು ಅನ್ನಬೇಡಿ. ಆಮೇಲೆ ವೇದಿಕೆಯಲ್ಲಿ ನರ್ತಕಿಯ ನದಿ ಕಂಡಾಗ ಮಗು ಅದನ್ನು ತನ್ನ ನದಿಯ ಪಕ್ಕದಲ್ಲಿಟ್ಟು ನೋಡುತ್ತದೆ. ನಾವು ಎಷ್ಟು ಪಿಸುಗುಟ್ಟಿದರೂ ಅಷ್ಟು ಕಲಿಸಲಾರೆವು, ಅಲ್ವಾ?

ತಾಳವೂ ಹಾಗೆಯೇ. 'ತಕಿಟ' ಅಂದರೆ ಮೂರು, 'ತಕಧಿಮಿ' ಅಂದರೆ ನಾಲ್ಕು. ಎರಡನ್ನೂ ಸೇರಿಸಿದರೆ ಏಳು. ಚಪ್ಪಾಳೆ ತಟ್ಟುತ್ತಾ ನಾಲ್ಕು ದಿನ ಆಡಿದರೆ ಸಾಕು, ಗೆಜ್ಜೆಯ ಸದ್ದಿನಲ್ಲಿ ಆ ಲೆಕ್ಕವನ್ನು ಮಗುವೇ ಹುಡುಕುತ್ತದೆ. ಬ್ಯಾಲೆಗೆ ಹೋಗುವುದಾದರೆ ಅದಕ್ಕೂ ಒಂದು ಕೈಭಾಷೆ ಇದೆ. ತಲೆಯ ಮೇಲೆ ಎರಡೂ ಕೈ ಸುತ್ತಿಸಿದರೆ 'ಕುಣಿಯೋಣ'. ಉಂಗುರದ ಬೆರಳು ತೋರಿಸಿದರೆ ಮದುವೆ. ಮುಷ್ಟಿ ಕಟ್ಟಿದ ಕೈಗಳನ್ನು ಮಣಿಕಟ್ಟಿನ ಬಳಿ ಅಡ್ಡ ಇಟ್ಟರೆ ಸಾವು. ಇಂಥ ಮೂರು ಗೊತ್ತಿದ್ದರೆ ಮಕ್ಕಳು ಪತ್ತೇದಾರರ ಹಾಗೆ ಕಾದು ಕೂರುತ್ತಾರೆ.

ಕತೆಯನ್ನೂ ಹಿಂದಿನ ದಿನವೇ ಹೇಳಿಬಿಡಿ, ಕೊನೆಯವರೆಗೂ. ಮಕ್ಕಳಿಗೆ ಗೊತ್ತಿರುವ ಕತೆ ಹಳಸುವುದಿಲ್ಲ. ಒಬ್ಬಳೇ ನರ್ತಕಿ ತಾಯಿಯೂ ಮಗನೂ ಆಗುತ್ತಾಳೆ ಎಂಬುದನ್ನು ಮಾತ್ರ ಮರೆಯದೆ ಹೇಳಿ, ಇಲ್ಲದಿದ್ದರೆ ಗೊಂದಲವಾಗುತ್ತದೆ. ದೀಪ ಆರಿ ಕತ್ತಲಾಗುತ್ತದೆ ಅಂತಲೂ ಹೇಳಿರಿ. ತೀರಾ ಚಿಕ್ಕವರು ಹೆದರುತ್ತಾರೆ.

ಜಾಗದ ವಿಷಯದಲ್ಲಿ ಮುಂದಿನ ಸಾಲೇ ಬೇಕೆಂದಿಲ್ಲ. ಅಭಿನಯ ಜಾಸ್ತಿ ಇದ್ದರೆ ಹತ್ತಿರ ಕೂತರೆ ಕಣ್ಣು, ಹುಬ್ಬು ಕಾಣುತ್ತದೆ. ಗುಂಪು ನೃತ್ಯವಾದರೆ ಸ್ವಲ್ಪ ಹಿಂದೆ, ಎತ್ತರದಲ್ಲಿ ಕೂತರೆ ಸಾಲುಗಳು ಕೂಡುವುದು, ಬಿಡಿಸಿಕೊಳ್ಳುವುದು ಚೆನ್ನಾಗಿ ಕಾಣುತ್ತದೆ.

ಇನ್ನು ಪೂರ್ತಿ ನೋಡಲೇಬೇಕು ಎಂಬ ಹಟ. ಭರತನಾಟ್ಯ ಕಾರ್ಯಕ್ರಮದ ದೊಡ್ಡ ನೃತ್ಯವಾದ 'ವರ್ಣ' ಒಂದೇ ಅರ್ಧ ಗಂಟೆ ಮೀರಬಹುದು, ದೊಡ್ಡವರಿಗೇ ಅದು ದೀರ್ಘ. ಮಗುವಿಗೆ ಸಾಕಾದರೆ ಒಂದು ನೃತ್ಯ ಮುಗಿದು ಚಪ್ಪಾಳೆ ಬಿದ್ದಾಗ ಎದ್ದು ಬನ್ನಿ. ಕಲಾವಿದರಿಗೂ ತೊಂದರೆಯಿಲ್ಲ, ಮಗುವಿಗೂ ಶಿಕ್ಷೆಯಿಲ್ಲ. ಬೈದು ಕೂರಿಸಿದ ಮಗು ಮತ್ತೊಮ್ಮೆ ಬರಲು ಒಪ್ಪುವುದಿಲ್ಲ.

ಹೊರಗೆ ಬಂದ ತಕ್ಷಣ 'ಏನು ಅರ್ಥ ಆಯ್ತು?' ಅಂತ ದಯವಿಟ್ಟು ಕೇಳಬೇಡಿ. ಅದು ಪರೀಕ್ಷೆ. ಸುಮ್ನೆ ನಡೆಯಿರಿ. ಅವರೇ ಶುರು ಮಾಡುತ್ತಾರೆ.

ಎರಡನೇ ಸಲ ಹೋದಾಗ ನಾನು ಬಾಯಿ ಬಿಡಲಿಲ್ಲ. ಮಗಳೂ ದಾರಿಯುದ್ದಕ್ಕೂ ಮಾತಾಡಲಿಲ್ಲ. ಅವಳಿಗೆ ಏನೂ ತಾಗಲಿಲ್ಲವೇನೋ ಅಂದುಕೊಂಡೆ. ರಾತ್ರಿ ನೋಡಿದರೆ ಕನ್ನಡಿ ಮುಂದೆ ನನ್ನ ದುಪಟ್ಟಾವನ್ನು ನೆರಿಗೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಿದ್ದಳು. ಮಂಡಿ ಬಾಗಿಸಿ ಅರೆಮಂಡಿಗೆ ಇಳಿಯುವುದು, ನೆರಿಗೆ ನೋಡುವುದು, ಮತ್ತೆ ಏಳುವುದು. 'ಅಮ್ಮಾ, ಅವರು ಕೂತಾಗ ಬೀಸಣಿಗೆ ಬಿಚ್ಚಿಕೊಳ್ತಿತ್ತು. ನಂದು ಯಾಕೆ ಬಿಚ್ಚಿಕೊಳ್ತಿಲ್ಲ?'

ಅಷ್ಟು ವರ್ಷ ನೃತ್ಯ ನೋಡಿದ ನಾನು ಆ ಬೀಸಣಿಗೆಯನ್ನು ಒಮ್ಮೆಯೂ ಗಮನಿಸಿರಲಿಲ್ಲ.