ಅವಳಿ ನಗರದ ಬೋನ್ಸಾಯ್ ಸಂಗ್ರಹ: ಒಂದು ಸಂಕ್ಷಿಪ್ತ ಚರಿತ್ರೆ

ವಾಷಿಂಗ್ಟನ್‌ನಲ್ಲಿ ಸಾರ್ವಜನಿಕರಿಗೆಂದೇ ಒಂದು ಬೋನ್ಸಾಯ್ ಮ್ಯೂಸಿಯಂ ಇದೆ. 1976ರಲ್ಲಿ ಅಮೆರಿಕದ ಸ್ವಾತಂತ್ರ್ಯಕ್ಕೆ ಇನ್ನೂರು ವರ್ಷ ತುಂಬಿದಾಗ ಜಪಾನ್ 53 ಬೋನ್ಸಾಯ್‌ಗಳನ್ನು ಉಡುಗೊರೆಯಾಗಿ ಕೊಟ್ಟಿತು, ಅಲ್ಲಿಂದ ಅದು ಶುರುವಾಯಿತು. ಹುಬ್ಬಳ್ಳಿ-ಧಾರವಾಡದ ಸಂಗ್ರಹಕ್ಕೆ ಯಾರ ದಾನವೂ ಬೇಕಾಗಲಿಲ್ಲ. ಎಲ್ಲವೂ ಸ್ವಂತ ದುಡಿಮೆ. ಆದರೂ ಇದರ ಚರಿತ್ರೆಯನ್ನು ಯಾರೂ ಬರೆದಿಲ್ಲವಾದ್ದರಿಂದ ಆ ಪುಣ್ಯಕಾರ್ಯಕ್ಕೆ ನಾನೇ ಕೈಹಾಕಿದ್ದೇನೆ.

ಬೋನ್ಸಾಯ್ ಎಂದರೆ ಕುಳ್ಳ ತಳಿಯ ಗಿಡವೆಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಮುಗಿಲಿಗೆ ಏರಬೇಕಾದ ಮರವನ್ನೇ ಬೇರು ಕತ್ತರಿಸಿ, ತುದಿ ಚಿವುಟಿ, ಕೊಂಬೆಗೆ ತಂತಿ ಸುತ್ತಿ, ಬೊಗಸೆ ಮಣ್ಣಿನಲ್ಲಿ ಬಾಳುವೆ ಮಾಡಲು ಒಗ್ಗಿಸುವುದು. ಈಗ ಹೇಳಿ, ಈ ವಿದ್ಯೆಯಲ್ಲಿ ನಮ್ಮನ್ನು ಮೀರಿಸುವವರು ಯಾರಿದ್ದಾರೆ? ನಮ್ಮ ರಸ್ತೆಬದಿಯ ಮರಗಳ ಬೇರಿನ ಖಾತೆಯನ್ನು ಗಟಾರದವರು, ಕೇಬಲ್‌ನವರು, ಪೈಪಿನವರು ಸರದಿಯ ಮೇಲೆ ನೋಡಿಕೊಳ್ಳುತ್ತಾರೆ. ಮಿಕ್ಕ ಬೊಗಸೆ ಮಣ್ಣಿನ ಮೇಲೆ ಪೇವರ್ಸ್ ಕೂರುತ್ತವೆ. ತುದಿಯ ಖಾತೆ ವಿದ್ಯುತ್ ತಂತಿಯವರದು. ಜಪಾನಿನ ಗುರುಗಳು ಒಂದು ಕೊಂಬೆ ತೆಗೆಯುವ ಮೊದಲು ಮರವನ್ನು ನಾಲ್ಕೂ ಕಡೆಯಿಂದ ನೋಡುತ್ತಾರೆ. ನಮ್ಮವರು ಚಹಾ ಬರುವುದರೊಳಗೆ ಒಂದು ಮಗ್ಗುಲನ್ನೇ ಮುಗಿಸಿರುತ್ತಾರೆ. ಮರ ಅಂದಿನಿಂದ ರಸ್ತೆಯ ಕಡೆಗೇ ವಾಲಿ ನಿಲ್ಲುತ್ತದೆ. ಮುಂದಿನ ವರ್ಷ 'ಅಪಾಯಕಾರಿ' ಎಂದು ಅದಕ್ಕೆ ಕೆಂಪು ಬಣ್ಣ ಬಳಿಯುತ್ತಾರೆ.

ತಂತಿಯ ವಿಷಯದಲ್ಲಂತೂ ನಾವು ಗುರುವನ್ನೇ ಮೀರಿದ ಶಿಷ್ಯರು. ಅಲ್ಲಿ ಸುತ್ತಿದ ತಂತಿಯನ್ನು ತೊಗಟೆಗೆ ಕಚ್ಚುವ ಮೊದಲೇ ಬಿಚ್ಚುತ್ತಾರೆ. ನಮ್ಮ ಬಡಾವಣೆಯ ಹೊಂಗೆಯೊಂದು ಸಸಿಯಾಗಿದ್ದಾಗ ತೊಡಿಸಿದ ಕಬ್ಬಿಣದ ಪಂಜರವನ್ನು ಅರ್ಧ ನುಂಗಿಕೊಂಡು ಬೆಳೆದಿದೆ. ದಾನಿಯ ಫಲಕದಲ್ಲಿ 'ಸ್ಮರಣಾರ್ಥ' ಎಂಬಷ್ಟೇ ಈಗ ಹೊರಗಿದೆ; ಯಾರ ಸ್ಮರಣೆ ಎನ್ನುವುದು ಮರದ ಹೊಟ್ಟೆಯಲ್ಲಿದೆ. ಅದರ ಮೇಲೆ ಮೊಳೆ ಹೊಡೆದು ತೂಗುಹಾಕಿರುವುದು ಮೂಲವ್ಯಾಧಿ ಚಿಕಿತ್ಸೆಯ ಬೋರ್ಡು.

ಚರಿತ್ರೆಯಲ್ಲಿ ಒಂದು ಅತಿರೇಕವನ್ನು ಒಪ್ಪಿಕೊಳ್ಳಬೇಕು. ಎರಡೂ ಊರುಗಳ ನಡುವೆ ಚಿಗರಿ ಬಸ್ಸು ಓಡಲೆಂದು ಸುಮಾರು 22 ಕಿಲೋಮೀಟರ್ ದಾರಿ ಅಗಲವಾದಾಗ ಸಾಲುಮರಗಳ ಮೇಲೆ ಕೈ ಕೊಂಚ ಜೋರಾಗಿ ಬಿದ್ದು, ಅವು ನೆಲಮಟ್ಟಕ್ಕೇ ಇಳಿದವು. ಕಲೆಯಲ್ಲಿ ಇದೆಲ್ಲ ನಡೆಯುತ್ತದೆ.

ವಾಷಿಂಗ್ಟನ್ನಿನವರ ಹೆಮ್ಮೆಯ ಗಿಡ ಒಂದು ಬಿಳಿ ಪೈನ್. 1625ರಿಂದ ಅದನ್ನು ಪಳಗಿಸುತ್ತ ಬಂದಿದ್ದಾರೆ. 1945ರಲ್ಲಿ ಹಿರೋಶಿಮಾದ ಮೇಲೆ ಬಾಂಬು ಬಿದ್ದಾಗ, ಅಲ್ಲಿಂದ ಸುಮಾರು ಮೂರು ಕಿಲೋಮೀಟರ್ ದೂರದ ನರ್ಸರಿಯಲ್ಲಿ ಗೋಡೆಯ ಮರೆಯಲ್ಲಿದ್ದು ಉಳಿಯಿತು. ಅಂಥ ಗಿಡವನ್ನು ಕೊಟ್ಟ ಮಸಾರು ಯಮಾಕಿ ಆ ಸಂಗತಿಯನ್ನು ಹೇಳಿಕೊಳ್ಳಲೇ ಇಲ್ಲ. 2001ರಲ್ಲಿ ಮೊಮ್ಮಕ್ಕಳು ಬಂದು ಹೇಳಿದ ಮೇಲೆಯೇ ಮ್ಯೂಸಿಯಂನವರಿಗೆ ತಿಳಿದದ್ದು. ಎಂಥ ಪೆದ್ದುತನ! ನಮ್ಮಲ್ಲಾಗಿದ್ದರೆ ಫ್ಲೆಕ್ಸು ಮೊದಲು, ಶಾಮಿಯಾನ ಆಮೇಲೆ, ಸಸಿ ಕೊನೆಗೆ ಬರುತ್ತಿತ್ತು. ಹಾಗೆ ಜೂನ್ ಐದರ ಪರಿಸರ ದಿನದಂದು ಬಂದ ಸಸಿಗೆ ಆರನೇ ತಾರೀಖಿನಿಂದ ನೀರು ಯಾರು ಹಾಕಬೇಕೆಂದು ಮಾತ್ರ ಕೇಳಬೇಡಿ. ಮನುಷ್ಯರ ನಳಕ್ಕೇ ಎಷ್ಟೋ ಓಣಿಗಳಲ್ಲಿ ವಾರಕ್ಕೊಮ್ಮೆ ನೀರು ಬಂದರೆ ಹಬ್ಬ.

ಸವಣೂರಿನ ದೊಡ್ಡ ಹುಣಸೆ (ಬಾವೋಬಾಬ್) ಮರಗಳನ್ನೂ ಸಂಗ್ರಹಕ್ಕೆ ಸೇರಿಸಬಾರದೇ ಎಂದು ಕೆಲವರು ಕೇಳಬಹುದು. ಅವು ಶಿಸ್ತಿಗೆ ಬಗ್ಗುವ ಜಾತಿಯಲ್ಲ. 2023ರ ಮಳೆಗೆ ಒಂದು ಉರುಳಿತು; ಕಡಿದು ಸಾಗಿಸುವ ಬದಲು ಅದನ್ನು ಎತ್ತಿ ಮತ್ತೆ ನೆಟ್ಟರಂತೆ. ಇಂಥ ಕೆಟ್ಟ ಮಾದರಿ ಅವಳಿ ನಗರಕ್ಕೆ ಕಾಲಿಡದಿದ್ದರೆ ಸಾಕು.

ಜಪಾನಿನವರು ಗಿಡಗಳ ಜೊತೆ ಆರು ಕಲ್ಲುಗಳನ್ನೂ ಕಳಿಸಿದ್ದರು. ಸುಮ್ಮನೆ ಕೂತು ನೋಡುವುದಕ್ಕೆಂದೇ ಇರುವ ಕಲ್ಲುಗಳು. ಈ ವಿಭಾಗದಲ್ಲಿ ನಮ್ಮ ಜೊತೆ ಸ್ಪರ್ಧೆಯೇ ಬೇಡ. ನಮ್ಮವು ನುಣುಪಾದ ಗ್ರಾನೈಟು, ಚಿನ್ನದ ಬಣ್ಣದ ಅಕ್ಷರ, 'ಶಂಕುಸ್ಥಾಪನೆ' ಎಂಬ ತಲೆಬರಹ, ಕೆಳಗೆ ಗಣ್ಯರ ಯಾದಿ. ಸುತ್ತ ಕಾಮಗಾರಿಯ ಸುಳಿವೇ ಇಲ್ಲದಿರುವುದರಿಂದ ನೋಟಕ್ಕೆ ಏನೂ ಅಡ್ಡ ಬರುವುದಿಲ್ಲ. ಪ್ರವೇಶ ಉಚಿತ, ಹಗಲಿನಲ್ಲೇ ಬಂದು ನೋಡಿ, ರಾತ್ರಿ ಪೋಸ್ಟರ್ ಅಂಟಿಸುವವರು ಬರುತ್ತಾರೆ.